ಉಗುಳುಗಲ್ಲಿನ ಗುಡ್ಡ

ನಮ್ಮ ಕರಿಗಲ್ಲೂರಿನ ದಂಡಿನ ಪೇಟೆಯ ಹಿಂದಿರುವ ಬೋಳುಗುಡ್ಡದ ನೆತ್ತಿಯಲ್ಲಿ ಸೂರಿಲ್ಲದ ಕಲ್ಲುಮನೆಯೊಂದು ನಿಂತಿದೆ. ಬಾಗಿಲ ತೊಲೆಗಲ್ಲಿನ ಮೇಲೆ ಕೈವಾರ, ಮೂಲೆಮಟ್ಟಗಳ ಚಿತ್ರ ಕೊರೆದಿದೆ. ಹತ್ತಿ ಬಂದವರೆಲ್ಲ ಹೊಸಿಲಿನ ಕಲ್ಲಿಗೆ ಉಗುಳಿಯೇ ಇಳಿಯುತ್ತಾರೆ. ಗುಡ್ಡಕ್ಕೆ ಹೆಸರು ಬಂದದ್ದೇ ಅದರಿಂದ. ಈಚೆಗೆ ಪಟ್ಟಣದಿಂದ ಬರುವ ಉಪನ್ಯಾಸಕಾರರು ಈ ಚಿತ್ರ ತೋರಿಸಿ, ಫ್ರೀಮೇಸನ್ನರೆಂಬ ಗುಟ್ಟಿನ ಕೂಟದವರ ಸೃಷ್ಟಿಕರ್ತನೂ ನಮ್ಮ ವಿಶ್ವಕರ್ಮನೂ ಒಂದೇ ಎಂದು ಕಣ್ಣರಳಿಸಿ ಹೇಳುತ್ತಾರೆ. ಆ ಮಾತನ್ನು ಇಲ್ಲಿ ಮೊದಲು ಆಡಿದವನ ಕಥೆ ಅವರಿಗೆ ಗೊತ್ತಿಲ್ಲ.

ಹಿಂದೆ ಒಮ್ಮೆ ದಂಡಿನ ಬಿಳಿಯ ಸಾಹೇಬರೂ ನಮ್ಮವರೇ ಕೆಲವು ದೊಡ್ಡ ಮನುಷ್ಯರೂ ಸೇರಿ ತಮ್ಮ ಗುಟ್ಟಿನ ಕೂಟಕ್ಕೆಂದು ಈ ಮನೆ ಕಟ್ಟಿಸತೊಡಗಿದರು ಎನ್ನುತ್ತಾರೆ. ಕಲ್ಲುಕೆಲಸದ ಮೇಸ್ತ್ರಿ ಕಾಳಾಚಾರಿ. ಅವನ ಜೊತೆ ಒಬ್ಬನೇ ಮಗ ಮೌನಾಚಾರಿ. ಅವರ ಕುಲದಲ್ಲೊಂದು ಪದ್ಧತಿ. ತೊಲೆಗಲ್ಲು ಕೂತ ದಿನ ಮೇಸ್ತ್ರಿ ಕೈವಾರ ಹಿಡಿದು ಜಗತ್ತು ಹುಟ್ಟಿದ ಕಥೆ ಹೇಳಬೇಕು: ಎಲ್ಲೆಲ್ಲೂ ಕತ್ತಲೆ, ನೀರು; ವಿಶ್ವಕರ್ಮ ಕೈವಾರದ ಒಂದು ಕಾಲೂರಿ ಇನ್ನೊಂದನ್ನು ತಿರುಗಿಸಿದ; ಗೆರೆಯೊಳಗೆ ಬೆಳಕು ಬಂತು, ನೆಲ ಬಂತು. ಕಥೆ ಮುಗಿಸಿ ಹೊಸಿಲಲ್ಲಿ ನಿಂತು ಒಂದು ಬಾಯಿ ನೀರು ಕುಡಿದರೆ ಮನೆ ಹುಟ್ಟಿದಂತೆ. ಕುಡಿಯದಿದ್ದರೆ ಆ ಗೋಡೆಯ ಮೇಲೆ ಯಾವ ಆಚಾರಿಯೂ ಮತ್ತೆ ಕಲ್ಲಿಡುವುದಿಲ್ಲ. ಕೂಟದ ಸದಸ್ಯ ಶಿರಸ್ತೇದಾರ ವೆಂಕೋಬರಾಯ ಇದನ್ನು ಕೇಳಿ ಹಿಗ್ಗಿಹೋದನಂತೆ. ತಮ್ಮಲ್ಲೂ ಕೈವಾರದ ಸೃಷ್ಟಿಕರ್ತನೇ, ಕತ್ತಲೆಯಿಂದ ಬೆಳಕಿಗೆ ಬರುವ ವಿಧಿಯೇ ಇದೆಯೆಂದೂ, ಕಥೆ ಒಂದೇ, ಎಲ್ಲರೂ ಅಣ್ಣತಮ್ಮಂದಿರೇ ಎಂದೂ ಹೇಳಿ ಕಾಳಾಚಾರಿಯ ಹೆಗಲ ಮೇಲೆ ಕೈಯಿಟ್ಟನಂತೆ. ಜನ್ಮದಲ್ಲಿ ಉಳಿ ಮುಟ್ಟದ ಈ ಮಂದಿ ಸೊಂಟಕ್ಕೆ ತೊಗಲಿನ ಏಪ್ರನ್ನು ಕಟ್ಟಿಕೊಂಡು ಕಲ್ಲುಕುಟಿಗರ ವೇಷ ಹಾಕುತ್ತಿದ್ದರು. ಥೂ, ಅದನ್ನು ನೆನೆದರೇ ಅಸಹ್ಯ.

ತೊಲೆಗಲ್ಲು ಏರಿಸುವ ದಿನ ಹಗ್ಗ ಜಾರಿ ಅದರ ತುದಿ ಮೌನಾಚಾರಿಯ ಎದೆಗೆ ಬಡಿಯಿತು. ಕಲ್ಲು ಹೇಗೋ ಕೂತಿತು. ಮಗ ಹೊಸಿಲ ಮುಂದೆ ಬಿದ್ದು ನೀರು ಕೇಳಿದ. ಗುಡ್ಡದ ಮೇಲಿದ್ದ ನೀರೆಲ್ಲ ಗೋಡೆಗಳ ಒಳಗೆ, ಕೂಟದವರ ಹಂಡೆಗಳಲ್ಲಿ. ಅಲ್ಲಿ ಚಪ್ಪರದಡಿ ಅವರ ವಿಧಿ ಶುರುವಾಗಿತ್ತು, ಬಾಗಿಲಲ್ಲಿ ಕತ್ತಿ ಹಿಡಿದ ಕಾವಲು ನಿಂತಿತ್ತು. ಕಾಳಾಚಾರಿ ಗೋಗರೆದ. ವೆಂಕೋಬರಾಯನೇ ಬಾಗಿಲಿಗೆ ಬಂದು, ದೀಕ್ಷೆಯಿಲ್ಲದವರು ಹೊಸಿಲು ದಾಟುವಂತಿಲ್ಲ, ವಿಧಿಯ ನಡುವೆ ಒಳಗಿನದು ಹೊರಗೆ ಬರುವಂತಿಲ್ಲ, ಸ್ವಲ್ಪ ತಾಳು ಎಂದು ಒಳಗೆ ಹೋದ. ಒಳಗೆ ಕತ್ತಲೆಯಿಂದ ಬೆಳಕು ಬರುವಷ್ಟರಲ್ಲಿ ಹೊರಗೆ ಮಗನ ಜೀವ ಹೋಗಿತ್ತು. ಆಮೇಲೆ ಅದೇ ಏಪ್ರನ್ನಿನಲ್ಲಿ ಬೆಳ್ಳಿಯ ಚೊಂಬು ಹಿಡಿದು ಬಂದ ವೆಂಕೋಬರಾಯ, ಆದದ್ದು ಆಯಿತು, ನಿನ್ನ ಪದ್ಧತಿ ಮುಗಿಸಿಬಿಡು ಎಂದನಂತೆ.

ಕಾಳಾಚಾರಿ ಬಾಯಿತುಂಬ ನೀರು ತುಂಬಿಕೊಂಡ. ನುಂಗಲಿಲ್ಲ. ಹೊಸಿಲಿನ ಕಲ್ಲಿನ ಮೇಲೆ ಉಗುಳಿದ.

“ಸ್ವಾಮಿ, ನಮ್ಮಪ್ಪ ವಿಶ್ವಕರ್ಮ ಗೆರೆ ಎಳೆದಿದ್ದು ಎಲ್ರೂ ಒಳಗಿರ್ಲಿ ಅಂತ. ಕಥೆ ಒಂದೇ ಅಂತ ಇನ್ಮೇಲೆ ಹೇಳ್ಬೇಡಿ,” ಎಂದು ಮಗನನ್ನು ಹೊತ್ತು ಇಳಿದುಹೋದ.

ಸೂರು ಹಾಕಲು ಸಾಹೇಬರು ದೂರದೂರದಿಂದ ಆಚಾರಿಗಳನ್ನು ಕರೆಸಿದರು. ಬಂದವರೆಲ್ಲ ವಿಷಯ ಕೇಳಿ, ಹೊಸಿಲಿಗೆ ಉಗುಳಿ, ಬಂದ ದಾರಿ ಹಿಡಿದರು ಎನ್ನುತ್ತಾರೆ.

ಇಂದಿಗೂ ಸೂರಿಲ್ಲದ ಆ ಗೋಡೆ, ಕೈವಾರದ ಚಿತ್ರ, ಕೊಳೆ ಹೋಗದ ಹೊಸಿಲು ಹಾಗೇ ಇವೆ. ಹೋದ ವರ್ಷ ಯಾರೋ ಪಕ್ಕದಲ್ಲಿ ಹಲಗೆ ನೆಟ್ಟಿದ್ದಾರೆ: ವಿಶ್ವಭ್ರಾತೃತ್ವದ ಸ್ಮಾರಕ, ಇಲ್ಲಿ ಉಗುಳಬಾರದು. ನನಗೀಗ ಗುಡ್ಡ ಹತ್ತುವುದು ಕಷ್ಟ. ಆದರೂ ಯುಗಾದಿಯ ಮಾರನೆಯ ದಿನ ತಪ್ಪದೆ ಹೋಗುತ್ತೇನೆ. ಬುಡದ ನಲ್ಲಿಯಲ್ಲೇ ಬಾಯಿತುಂಬ ನೀರು ತುಂಬಿಕೊಂಡು ಹೊರಡುತ್ತೇನೆ. ದಾರಿಯಲ್ಲಿ ಯಾರು ಮಾತಾಡಿಸಿದರೂ ಉತ್ತರ ಕೊಡುವುದಿಲ್ಲ.