ಮಡಕೆಯ ಕತ್ತಿನ ಗೀಟು

"ಅವ್ವಾ, ಒಂದೇ ಒಂದು ಬೆಳಿಗ್ಗೆ ಧ್ಯಾನದಲ್ಲಿ ನನ್ನ ಮನಸ್ಸು ನಿಂತಿತ್ತು. ಆಮೇಲೆ ನಿಲ್ಲುತ್ತಿಲ್ಲ. ಯಾಕೆ?" ಎಂದು ಶಿಷ್ಯ ಕೇಳಿದ. ಕಂಬಳಿ ಸುತ್ತಿ ಹೆಗಲಿಗೇರಿಸಿ, ಬೇರೆ ಆಶ್ರಮಕ್ಕೆ ಹೊರಟು ನಿಂತಿದ್ದ.

"ಆ ಬೆಳಿಗ್ಗೆ ಏನು ಮಾಡಿದ್ದೆ?" ಎಂದಳು ಗುರುಮಾತೆ.

"ರಾತ್ರಿ ಊಟ ಬಿಟ್ಟಿದ್ದೆ. ಹೊಸ ಮಂತ್ರ ಹಿಡಿದಿದ್ದೆ. ಮಲಗುವ ಜಾಗ ಬದಲಾಯಿಸಿದ್ದೆ. ಗುರುವೂ ಹೊಸಬರು, ನೀವೇ."

"ಬಲು ಚುರುಕು ನೀನು. ಕೂತುಕೋ" ಎಂದು ಅವಳು ಕತೆ ಹೇಳಿದಳು.

ಒಬ್ಬ ಕುಂಬಾರನಿದ್ದ. ಅವನ ಮಡಕೆಗಳು ಆವಿಗೆಯಲ್ಲಿ ಸುಡುವಾಗ ಬಿರುಕು ಬಿಡತೊಡಗಿದವು. ಸಿಟ್ಟಿಗೆದ್ದು ಮಣ್ಣು ಬದಲಾಯಿಸಿದ, ಮರಳು ಹೆಚ್ಚಿಸಿದ, ಸೌದೆ ಬದಲಾಯಿಸಿದ, ಮಡಕೆ ಒಣಗಿಸುವ ದಿನಗಳನ್ನೂ ಬದಲಾಯಿಸಿದ. ಆ ಸಲ ಒಂದೂ ಒಡೆಯಲಿಲ್ಲ. ಊರಿಗೆಲ್ಲ ಬೆಲ್ಲ ಹಂಚಿದ. ಮುಂದಿನ ಸಲ ಹಳೆಯ ಸೌದೆ, ಹಳೆಯ ಮರಳು, ಹಳೆಯ ಅವಸರ. ಮತ್ತೆ ಬಿರುಕು. ಹೋದ ಸಲ ಕಾಪಾಡಿದ್ದು ಯಾವುದೆಂದು ಅವನಿಗೇ ಗೊತ್ತಿರಲಿಲ್ಲ.

"ಇನ್ನೆರಡು ಆವಿಗೆ ನೋಡುತ್ತೇನೆ. ಒಡೆದರೆ ಮಡಕೆ ತಿರುಗಿಸುವ ಈ ತಿಗರಿ ಮಾರಿಬಿಡುತ್ತೇನೆ" ಎಂದ.

ಹೆಂಡತಿ, "ಆ ಎರಡನ್ನೂ ನನಗೆ ಕೊಡಿ" ಎಂದಳು.

ಅವಳು ಒಂದೇ ಗುಂಡಿಯ ಮಣ್ಣು ತಂದಳು. ಮೂರು ಪಾಲಿಗೆ ಮೂರು ಅಳತೆಯಲ್ಲಿ ಮರಳು ಬೆರೆಸಿದಳು. ಮಡಕೆ ಮಾಡಿ, ಯಾವ ಪಾಲಿನದೆಂಬ ಗುರುತಿಗೆ ಕತ್ತಿನ ಮೇಲೆ ಉಗುರಿನಿಂದ ಒಂದು, ಎರಡು, ಮೂರು ಗೀಟು ಎಳೆದಳು. ಒಂದೇ ನೆರಳಿನಲ್ಲಿ ಮೂರು ದಿನ ಒಣಗಿಸಿ, ಆವಿಗೆಯ ನಡುವೆ ಒಂದೇ ಸುತ್ತಿನಲ್ಲಿಟ್ಟು ಸುಟ್ಟಳು. ಎಲ್ಲ ಪಾಲಿನ ಮಡಕೆಗಳೂ ಒಂದೇ ಸಮ ಒಡೆದವು.

ಕುಂಬಾರ ನಕ್ಕ. "ಗೀಟು ಎಳೆದು ಏನು ಕಲಿತೆ, ಪಂಡಿತಮ್ಮಾ?"

"ಮರಳಲ್ಲ ಅಂತ ಕಲಿತೆ. ನೀವು ಇಷ್ಟು ಒಡೆದು ಅಷ್ಟೂ ಕಲಿತಿಲ್ಲವಲ್ಲ!"

ಎರಡನೆಯ ಆವಿಗೆಗೆ ಅದೇ ಗುಂಡಿಯ ಮಣ್ಣು, ಒಂದೇ ಅಳತೆಯ ಮರಳು, ಅದೇ ಸೌದೆ, ಅದೇ ನೆರಳು. ಒಂದು ಗೀಟಿನದು ಮೂರು ದಿನ ಒಣಗಿತು, ಎರಡರದು ಐದು, ಮೂರರದು ಎಂಟು. ಆವಿಗೆ ತೆಗೆದಾಗ ಒಂದು, ಎರಡು ಗೀಟಿನವುಗಳಲ್ಲಿ ಬಿರುಕಿತ್ತು; ಮೂರು ಗೀಟಿನ ಮಡಕೆಗಳು ಅಷ್ಟೂ ಗಟ್ಟಿಯಾಗಿ ನಿಂತಿದ್ದವು. ಕುಂಬಾರ ಒಂದೊಂದನ್ನೇ ತಟ್ಟಿ ನೋಡಿದ. ಆಮೇಲೆ ಹೋಗಿ ತಿಗರಿ ಒರೆಸಿದ.

ಶಿಷ್ಯ ಹುಮ್ಮಸ್ಸಿನಿಂದ ಎದ್ದ. "ತಿಳಿಯಿತು ಅವ್ವಾ! ಮೊದಲು ಯಾವುದನ್ನು ಬದಲಾಯಿಸಲಿ? ಊಟವನ್ನೋ, ಮಂತ್ರವನ್ನೋ, ಆಶ್ರಮವನ್ನೋ?"

ಗುರುಮಾತೆ ಅವನ ಹೆಗಲ ಮೇಲಿನ ಕಂಬಳಿಯನ್ನು ನೋಡಿದಳು.

"ಯಾವುದನ್ನು ಬದಲಾಯಿಸುವುದಿಲ್ಲವೋ, ಅದನ್ನು ಮೊದಲು ಹೇಳು."