ಕಸಕ್ಕೆ ಬಾಲ ಆಡಿಸುತ್ತಿದ್ದ ನಾಯಿ

ಬಡಾವಣೆಯ ಮೂಲೆಯಲ್ಲಿ ಯಾರೋ ಬಿಟ್ಟುಹೋದ ಹಳೆಯ ಕಾರಿನ ಕೆಳಗೆ ನಾಯಿಯೊಂದು ಮೂರು ಮರಿ ಹಾಕಿತ್ತು. ಜನ ಕಾರಿನ ಪಕ್ಕದಲ್ಲೇ ಕಸದ ಚೀಲ, ಒಡೆದ ಬಾಟಲಿ ಎಸೆದು ಹೋಗುತ್ತಿದ್ದರು.

"ಕಸ ಗುಡಿಸಲು ಬರುವವರಿಗೆ ಬೊಗಳುತ್ತೀಯ, ಎಸೆಯುವವರಿಗೆ ಬಾಲ ಆಡಿಸುತ್ತೀಯ. ಯಾಕಮ್ಮ?" ಎಂದು ಕೇಳಿತು ಕಾರಿನ ಮೇಲೆ ಕುಳಿತಿದ್ದ ಗೊರವಂಕ.

"ಎಸೆಯುವವರ ಚೀಲದಲ್ಲಿ ಮೂಳೆ ಇರುತ್ತದೆ. ಗುಡಿಸುವವರು ಅದನ್ನು ಒಯ್ದುಬಿಡುತ್ತಾರೆ," ಎಂದಿತು ನಾಯಿ.

ಮರುದಿನ ಬೆಳಿಗ್ಗೆ ಮರಿಯೊಂದು ಗಾಜು ತುಳಿದು ಕುಂಟುತ್ತ ಬಂತು. ನಾಯಿ ಅದರ ಗಾಯ ನೆಕ್ಕುತ್ತಿದ್ದಾಗ ಸ್ಕೂಟರೊಂದು ನಿಂತಿತು. ಸವಾರ ಚೀಲ ಎತ್ತಿದ. ಕೋಳಿಸಾರಿನ ವಾಸನೆ ಘಮ್ಮೆಂದಿತು. ನಾಯಿ ಬೊಗಳಿದ ರಭಸಕ್ಕೆ ಅವನು ಚೀಲ ಎಸೆಯದೆಯೇ ಓಟಕಿತ್ತ.

"ಅಯ್ಯೋ, ಊಟ ಹೋಯಿತಲ್ಲ!" ಎಂದಿತು ಗೊರವಂಕ.

"ಹೋಗಲಿ ಬಿಡು. ಮೂರು ಮರಿಗಳದ್ದೂ ಸೇರಿ ಇನ್ನೂ ಹನ್ನೊಂದು ಕಾಲು ನೆಟ್ಟಗಿವೆ. ಅವನ್ನಾದರೂ ಕಾಯಬೇಕಲ್ಲ!"