ಚೀಟಿ ಇದ್ದರೆ ಗೊಂಬೆ

ಹತ್ತಿರ ಬಂದು ಕೂತ್ಕೊಳ್ಳಿ, ಹೇಳುತ್ತೇನೆ. ನಗು ಬಂದರೆ ನಗಿ, ಆದರೆ ಸಣ್ಣಮ್ಮನ ಕಿವಿಗೆ ಬೀಳುವ ಹಾಗೆ ಬೇಡ. ಈ ಕತೆಯ ಪೆದ್ದ ಅವಳಿಗಿರುವ ಒಬ್ಬನೇ ಮಗ.

ಅವನ ಹೆಸರು ಬೋರಲಿಂಗ. ವಯಸ್ಸು ಇಪ್ಪತ್ತೆಂಟು. ಏನು ಹೇಳಿದರೂ ‘ಆಗಲಿ’ ಅನ್ನುವವನು. ಆಗಲಿ ಅಂದಮೇಲೆ ಮುಗಿಯಿತು, ಹೇಳಿದ್ದನ್ನು ಹೇಳಿದ ಹಾಗೇ ಮಾಡಿಬಿಡುವವನು. ನಾಲ್ಕು ಕಡೆ ಹೆಣ್ಣು ಕೇಳಿ, ನಾಲ್ಕು ಕಡೆಯೂ ಇವನು ಬಾಯಿಬಿಟ್ಟ ಕೂಡಲೇ ಸಂಬಂಧ ಮುರಿದುಬಿದ್ದಿತ್ತು. ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಯಾರು ಗತಿ ಅನ್ನುವುದೊಂದೇ ಸಣ್ಣಮ್ಮನ ಚಿಂತೆ. ಒಂದು ಕೆಲಸ ಅಂತ ನಿಂತರೆ ಯಾರಾದರೂ ಹೆಣ್ಣು ಕೊಟ್ಟಾರು ಅಂತ, ಅರಸೀಕೆರೆಯ ಶಾಂತವೀರಪ್ಪನವರ ಬಟ್ಟೆ ಅಂಗಡಿಗೆ ಸೇರಿಸಿದಳು. ಬಾಗಿಲಲ್ಲಿ ನಿಂತವರನ್ನೆಲ್ಲ ಒಳಗೆ ಕರಿ, ಕೂರಿಸಿ ನೀರು ಕೊಡು ಅಂತ ಬುದ್ಧಿ ಹೇಳಿ ಕಳಿಸಿದಳು. ಬೋರಲಿಂಗ ಆಗಲಿ ಅಂದ.

ಅಂಗಡಿ ಬಾಗಿಲಲ್ಲಿ ಒಬ್ಬರು ನಿಂತಿದ್ದರು. ರೇಷ್ಮೆ ಜುಬ್ಬ, ಜರಿಯ ಶಲ್ಯ. ಇವನು ಬನ್ನಿ ಅಂದ, ಬರಲಿಲ್ಲ. ಕೂತ್ಕೊಳ್ಳಿ ಅಂದ, ಕೂರಲಿಲ್ಲ. ಪಾಪ, ಬಿಸಿಲಿಗೆ ನಾಲಿಗೆ ಒಣಗಿದೆಯೇನೋ ಅಂತ ಲೋಟ ತಂದು ಬಾಯಿಗೇ ಹಿಡಿದ. ನೀರೆಲ್ಲ ಜುಬ್ಬದ ಮೇಲೆ ಇಳಿಯಿತು. ಶಾಂತವೀರಪ್ಪನವರು ತಲೆ ಚಚ್ಚಿಕೊಂಡು ಬಂದರು.

“ಅಯ್ಯೋ ಪೆದ್ದ, ಅದು ಗೊಂಬೆ ಕಣೋ! ಬಾಗಿಲಲ್ಲಿ ಅಲ್ಲಾಡದೆ ನಿಂತಿದ್ರೆ ಅದಕ್ಕೆ ನೀರು ಕೊಡೋದಲ್ಲ, ಧೂಳು ಹೊಡಿಯೋದು.”

ಬೋರಲಿಂಗ ಆಗಲಿ ಅಂದ.

ಮಾರನೆಯ ದಿನ ನಿವೃತ್ತ ಹೆಡ್‌ಮಾಸ್ಟರೊಬ್ಬರು ಹೆಂಡತಿಯ ಜೊತೆ ಬಂದರು. ಹೆಂಡತಿ ಸೀರೆ ಆರಿಸಲು ಕೂತರೆ ಹೊತ್ತು ಗೊತ್ತಾಗುವುದುಂಟೇ? ಮೇಷ್ಟ್ರು ಬಾಗಿಲಲ್ಲೇ ನಿಂತರು. ನಿಂತೇ ಇದ್ದರು. ಬೋರಲಿಂಗ ಬಟ್ಟೆ ತಂದು ಅವರ ಬೋಳುತಲೆಯಿಂದ ಶುರುಮಾಡಿದ. ಕಿವಿಯ ಹಿಂದೆ ಒರೆಸಿದ, ಮೂಗು ಒರೆಸಿದ, ಕನ್ನಡಕ ತೆಗೆದು ಊದಿದ. ಮೇಷ್ಟ್ರು ಕೆಲಸ ಬಿಟ್ಟು ಎಂಟು ವರ್ಷವಾಗಿದ್ದರೂ ಹಳೆಯ ಅಭ್ಯಾಸದಲ್ಲಿ ಇವನ ಕಿವಿ ಹಿಡಿದು ತಿರುಚಿದರು.

ಶಾಂತವೀರಪ್ಪನವರು ಮತ್ತೆ ಬೈದರು. ಗೊಂಬೆಯ ಕಾಲರಿನಲ್ಲಿ ಚೀಟಿ ಇರುತ್ತದೆ, ಚೀಟಿ ಇದ್ದರೆ ಗೊಂಬೆ, ಇಲ್ಲದಿದ್ದರೆ ಮನುಷ್ಯ, ಇಷ್ಟು ತಿಳಿದುಕೋ ಅಂದರು. ಬೋರಲಿಂಗ ಆಗಲಿ ಅಂದ.

ಒಂದು ವಾರ ಎಲ್ಲ ಸರಿಯಾಗಿತ್ತು. ಆಮೇಲೆ ಗೊಂಬೆಯ ಕೈ ಕಳಚಿತು. ಹಾಸನಕ್ಕೆ ಒಯ್ದು ರಿಪೇರಿ ಮಾಡಿಸಿಕೊಂಡು ಬಾ ಅಂದರು ಶಾಂತವೀರಪ್ಪನವರು. ಹೊರಡುವ ಮುಂಚೆ ಇವನು ಅಂಗಡಿ ಜಗಲಿಯ ದರ್ಜಿ ಖಾದರ್ ಸಾಬರನ್ನು, ಇದು ನಿಜವಾಗಿ ಏನು ಸಾಬ್ರೇ ಅಂತ ಕೇಳಿದ. ಸಾಬರು ತಿಳಿದವರು. ಕಂಪನಿಯವರು ಇದನ್ನು ಮ್ಯಾನಿಕ್ವಿನ್ ಅಂತಾರೆ, ಹಿಂದೆ ಸಮುದ್ರದ ಆಚೆ ಚಿತ್ರ ಬರೆಯುವವರು ಮರದ ಗೊಂಬೆಯೊಂದನ್ನು ಎದುರಿಗೆ ನಿಲ್ಲಿಸಿಕೊಳ್ಳುತ್ತಿದ್ದರು, ಅವರ ಭಾಷೆಯಲ್ಲಿ ಆ ಹೆಸರಿಗೆ ಪುಟ್ಟ ಮನುಷ್ಯ ಅಂತ ಅರ್ಥ, ಹೆಸರು ಊರೂರು ತಿರುಗಿ ನಮ್ಮ ಬಟ್ಟೆ ಅಂಗಡಿಗೆ ಬಂತು ಅಂತ ವಿವರಿಸಿದರು.

ಬೋರಲಿಂಗ ಬಸ್ಸು ಹತ್ತಿ ಗೊಂಬೆಯನ್ನು ತೊಡೆಯ ಮೇಲೆ ಕೂರಿಸಿಕೊಂಡ. ಕಂಡಕ್ಟರು ಬಂದಾಗ ಒಂದು ಫುಲ್ಲು, ಒಂದು ಹಾಫು ಕೇಳಿದ. ಹಾಫ್ ಯಾರಿಗಪ್ಪಾ ಅಂದರೆ, ಇವರಿಗೆ, ಪುಟ್ಟ ಮನುಷ್ಯರು ಅಂದ. ಅದಕ್ಕೆ ಲಗೇಜು ಹಾಕಬೇಕು ಅಂದ ಕಂಡಕ್ಟರು. ಮನುಷ್ಯರನ್ನು ಲಗೇಜು ಅನ್ನುವ ಬಸ್ಸಿನಲ್ಲಿ ನಾವು ಬರುವುದಿಲ್ಲ ಅಂತ ಇವನು ಮುಂದಿನ ಸ್ಟಾಪಿನಲ್ಲೇ ಇಳಿದು, ಗೊಂಬೆಯನ್ನು ಹೆಗಲ ಮೇಲೆ ಹೊತ್ತು, ಕಳಚಿದ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದೇ ವಾಪಸ್ ಬಂದ.

ಶಾಂತವೀರಪ್ಪನವರಿಗೆ ಬೈಯಲೂ ಶಕ್ತಿ ಉಳಿದಿರಲಿಲ್ಲ. “ನೋಡಪ್ಪಾ, ಗೊಂಬೆ ಇರೋದು ಅಂಗಿ ತೊಟ್ಟು ನಿಲ್ಲೋಕೆ. ಗಿರಾಕಿ ‘ಇದೇ ಇರಲಿ’ ಅಂದ ಕೂಡಲೇ ಅಂಗಿ ಬಿಚ್ಚಿ, ಮಡಚಿ, ಅವರ ಕೈಗೆ ಕೊಡು. ಇನ್ನೊಂದು ಸಲ ತಪ್ಪಿದ್ರೆ ಮನೇಲೇ ಇರು.”

ಬೋರಲಿಂಗ ಆಗಲಿ ಅಂದ.

ಆ ಭಾನುವಾರ ಐದನೆಯ ಸಂಬಂಧದವರು ಬರುವುದಿತ್ತು. ದ್ಯಾವೇಗೌಡರೂ ಅವರ ಮಗಳು ಶಶಿಕಲಾಳೂ ಮನೆ ನೋಡಿ, ಹುಡುಗನನ್ನು ನೋಡಿ ಹೋಗುತ್ತೇವೆ ಅಂದಿದ್ದರು. ಸಣ್ಣಮ್ಮ ಬೆಳಗಿನಿಂದ ದೇವರಿಗೆ ಕೈಮುಗಿದೂ ಮುಗಿದೂ ಕೊನೆಗೆ ಮಗನಿಗೇ ಕೈಮುಗಿದಳು.

“ಇವತ್ತೊಂದಿನ ಅಂಗಡಿ ಗೊಂಬೆ ಥರ ನಿಂತ್ಕೊಳಪ್ಪ. ತುಟಿ ಪಿಟಕ್ ಅನ್ನಬೇಡ.”

ಬೋರಲಿಂಗ ಆಗಲಿ ಅಂದ. ಅಂಗಡಿಯಿಂದ ತಂದ ಹೊಸ ಅಂಗಿ ತೊಟ್ಟು, ಒಂದು ಕೈ ಸೊಂಟಕ್ಕೆ ಕೊಟ್ಟು, ಇನ್ನೊಂದನ್ನು ಮುಂದಕ್ಕೆ ಚಾಚಿ ಬಾಗಿಲಲ್ಲಿ ನಿಂತ. ದ್ಯಾವೇಗೌಡರು ನಮಸ್ಕಾರ ಅಂದರು. ಇವನು ಕಣ್ಣೂ ಮಿಟುಕಿಸಲಿಲ್ಲ. ಹುಡುಗನಿಗೆ ಸಂಕೋಚ ಜಾಸ್ತಿ ಅಂತ ಸಣ್ಣಮ್ಮ ತೇಲಿಸಿದಳು. ಕಾಫಿ ಬಂತು, ಇವನು ಕುಡಿಯಲಿಲ್ಲ. ನೊಣ ಬಂದು ಮೂಗಿನ ಮೇಲೆ ಕೂತಿತು, ಓಡಿಸಲಿಲ್ಲ.

ಶಶಿಕಲಾ ಎದ್ದು ಹತ್ತಿರ ಬಂದಳು. ಕಾಲರಿನಲ್ಲಿ ಚೀಟಿ ನೇತಾಡುತ್ತಿತ್ತು. ತಿರುಗಿಸಿ ಗಟ್ಟಿಯಾಗಿ ಓದಿದಳು: “ಒಮ್ಮೆ ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.”

ಸಣ್ಣಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೇಬಿಟ್ಟಳು. “ಮುಚ್ಚಿಡಲ್ಲ ಕಣವ್ವ, ನನ್ನ ಮಗ ಪೆದ್ದ. ಹೇಳಿದ್ದನ್ನ ಹೇಳಿದಂಗೇ ಮಾಡ್ತಾನೆ. ಗೊಂಬೆ ಥರ ನಿಂತ್ಕೊ ಅಂದೋಳು ನಾನೇ.”

ಶಶಿಕಲಾ ಒಮ್ಮೆ ಅವನನ್ನು ನೋಡಿದಳು, ಒಮ್ಮೆ ತನ್ನ ಅಪ್ಪನನ್ನು ನೋಡಿದಳು.

“ಹೇಳಿದ್ದನ್ನ ಹೇಳಿದಂಗೆ ಮಾಡ್ತಾರಾ? ಅಪ್ಪಾ, ನಮ್ಮವ್ವ ಹೇಳಿದ ಒಂದು ಮಾತನ್ನಾದ್ರೂ ನೀನು ಇದುವರೆಗೂ ಮಾಡಿದ್ದೀಯಾ? ನಂಗೆ ಇದೇ ಇರಲಿ.”

ಆ ಮಾತು ಕಿವಿಗೆ ಬಿದ್ದದ್ದೇ ತಡ, ಗೊಂಬೆಗೆ ಜೀವ ಬಂತು. ಬೋರಲಿಂಗ ಎಲ್ಲರ ಎದುರಿಗೆ ಪಟಪಟನೆ ಗುಂಡಿ ಬಿಚ್ಚಿ, ಅಂಗಿ ಕಳಚಿ, ಕಾಲರ್ ಕೂರಿಸಿ, ತೋಳು ಮಡಚಿ, ಅಚ್ಚುಕಟ್ಟಾಗಿ ಅವಳ ಕೈಗೆ ಕೊಟ್ಟ. ಆಮೇಲೆ ಬರೀ ಬನಿಯನ್ನಿನಲ್ಲಿ ಮತ್ತೆ ಕೈ ಚಾಚಿ ನಿಂತ. ದ್ಯಾವೇಗೌಡರ ಕಾಫಿ ನೆತ್ತಿಗೇರಿತು.

ಮದುವೆಯಾಗಿ ಈಗ ಮೂರು ವರ್ಷ. ಅಂಗಿ ಇನ್ನೂ ಶಶಿಕಲಾಳ ಪೆಟ್ಟಿಗೆಯಲ್ಲೇ ಇದೆ. ಮಗ ತನ್ನನ್ನು ಸಾಕುಸಾಕು ಮಾಡಿದ ದಿನ ಸಣ್ಣಮ್ಮ, ಇವನನ್ನು ಏನು ನೋಡಿ ಒಪ್ಪಿದೆಯೇ ತಾಯಿ ಅಂತ ಸೊಸೆಯನ್ನು ಕೇಳುತ್ತಾಳೆ. ಸೊಸೆ ಪೆಟ್ಟಿಗೆ ತೆಗೆದು ಚೀಟಿ ತೋರಿಸುತ್ತಾಳೆ.